ಬಣ್ಣ ತಿರುಗಿದ ಕಲ್ಲು

ಇಪ್ಪತ್ತೊಂಬತ್ತು ವರ್ಷ ಹಟ್ಟಿ ಗಣಿಯ ಕೋರ್ ಶೆಡ್ಡಿನಲ್ಲಿ
ಕಲ್ಲಿನ ಕೋಲು ಎಣಿಸಿಟ್ಟವನು ನಾನು, ಮೌಲಾಲಿ.
ವಜ್ರದ ಹಲ್ಲಿನ ಬೈರಿಗೆ
ನೆಲದೊಳಗಿಂದ ತಿರುತಿರುಗಿ ಕಿತ್ತು ತಂದದ್ದನ್ನು
ತಗಡಿನ ಟ್ರೇಯಲ್ಲಿ ಒಂದರ ಪಕ್ಕ ಒಂದು ಮಲಗಿಸಿ
ಎಲ್ಲಿಂದ ಎಲ್ಲಿಗೆ ಎಷ್ಟು ಮೀಟರು ಎಂದು
ಹಳದಿ ಬಣ್ಣದಲ್ಲಿ ಬರೆಯುವುದು ನನ್ನ ಕೆಲಸ.

ಮೊನ್ನೆ ರಾಯಚೂರಿನ ಆಸ್ಪತ್ರೆಯಲ್ಲಿ
ಗೋಡೆಗೆ ಮುಖ, ಎದೆಗೆ ಮೊಣಕಾಲು,
ಎಡಮಗ್ಗುಲಲ್ಲಿ ಮಲಗಿ
ಟಕ್ ಎಂದಾಗೊಮ್ಮೆ ಎಣಿಸಿದೆ.
ಹನ್ನೆರಡು.
"ಕೋರ್ ತೆಗೀತೀವ್ರಿ ಯಜಮಾನ್ರ" ಎಂದಿದ್ದ ಹುಡುಗ ಡಾಕ್ಟರು.
ಆ ಮಾತು ಇವರಲ್ಲೂ ಇದೆಯೆಂದು ಗೊತ್ತಿರಲಿಲ್ಲ.
ನಗು ಬಂತು. ನಕ್ಕರೆ ಅಲುಗುತ್ತದೆಂದು ನುಂಗಿದೆ.

ಆಮೇಲೆ ಅವನ ಟ್ರೇ ನೋಡಿದೆ.
ಪುಟ್ಟ ಪುಟ್ಟ ಬಾಟಲಿ,
ದಾರದ ತುಣುಕಿನಂಥ ನಾನು
ಒಂದೊಂದರಲ್ಲೂ ಮುಳುಗಿ ಕೂತಿದ್ದೆ.
ಬಲ ಮೇಲೆ, ಬಲ ನಡು, ಬಲ ಕೆಳಗೆ...
ಚೀಟಿ ಅಂಟಿಸಿದ ನರ್ಸಮ್ಮನ ಅಕ್ಷರ ನನ್ನದಕ್ಕಿಂತ ಕೆಟ್ಟದು.

ಹದಿನೈದು ದಿನಕ್ಕೆ ಕಾಗದ ಬಂತು.
ಒಂಬತ್ತು ಸ್ವಚ್ಛ. ಮೂರರಲ್ಲಿ ಏನೋ.
"ಕ್ಯಾನ್ಸರ್ ಅಲ್ಲ" ಎಂದ.
ನಾನು ಉಸಿರು ಬಿಡುವ ಮೊದಲೇ
"ಏನೂ ಅಲ್ಲ ಅಂತನೂ ಅಲ್ಲ" ಎಂದ.
ಕಾಗದದ ಹಿಂದೆ ಪೆನ್ನಿನಿಂದ ದುಂಡನೆಯ ಬಾವಿ ಬರೆದು
ಒಳಸುತ್ತಿಗೆ ಕಿಕ್ಕಿರಿದ ಚುಕ್ಕೆ ಇಟ್ಟ.
"ಇವು ಬಣ್ಣ ತಿರುಗ್ಯಾವ, ಮೈ ದೊಡ್ಡದಾಗೇತಿ.
ಆದ್ರ ಗೋಡಿ ಒಡದಿಲ್ಲ ಇನ್ನಾ.
ಗೋಡಿ ಒಡದು ಹೊರಗ ಬಂದ್ರ
ಅದರ ಹೆಸರು ಬ್ಯಾರೆ."

"ಒಡೀತಾವೇನ್ರಿ?"

"ಕೆಲವ್ರಿಗೆ. ಭಾಳ ಮಂದಿಗೆ ಇಲ್ಲ.
ಯಾರಿಗೆ ಅಂತ ಹೇಳಾಕ ಬರಂಗಿಲ್ಲ.
ಒಂದರಾಗ ಇದ್ದಿದ್ರ ಸುಮ್ಮನಿರ್ತಿದ್ದೆ, ಮೂರರಾಗ ಐತಿ.
ನೋಡ್ಕೋತ ಇರೂಣು."

ನರಹರಿ ಸಾಹೇಬರು ನೆನಪಾದರು.
ಕೋಲಿನ ಮೇಲೆ ನೀರು ಚಿಮುಕಿಸಿ, ಮಸೂರ ಕಣ್ಣಿಗೊತ್ತಿ,
ಹಸಿರುಗಪ್ಪು ಕಲ್ಲು ಕಂದು ತಿರುಗಿದ ಜಾಗವನ್ನು
ಉಗುರಿನಿಂದ ಗೀರಿ ತೋರಿಸುತ್ತಿದ್ದರು:
"ಇದು ಬಂಗಾರ ಅಲ್ಲಪ್ಪ, ಬಿಸಿನೀರು ಹಾದ ಗುರುತು.
ಬಂಗಾರ ಇದ್ದಲ್ಲಿ ಕಲ್ಲು ಹೀಗೆ ತಿರುಗಿರುತ್ತೆ.
ಹೀಗೆ ತಿರುಗಿದಲ್ಲೆಲ್ಲ ಬಂಗಾರ ಇರಲ್ಲ."
ಎರಡನ್ನೂ ಒಂದೇ ಮಾತೆಂದು ತಿಳಿದ ಎಳೆಯ ಇಂಜಿನಿಯರೊಬ್ಬ
ನೂರನಲವತ್ತು ಮೀಟರು ಸುಮ್ಮನೆ ಕೊರೆಸಿದ.
ಇನ್ನೊಬ್ಬ ಸಾಕೆಂದು ಯಂತ್ರ ಕಳಚಿದ ಕಡೆ
ಹತ್ತೇ ಮೀಟರು ಆಚೆ ಸಿಕ್ಕಿತು.
ಎರಡೂ ಟ್ರೇ ಎತ್ತಿಟ್ಟವನು ನಾನೇ.

ಮನೆಗೆ ಬಂದರೆ ಹುಸೇನಬಿ ಜೋಳ ಕೇರುತ್ತಿದ್ದಳು.
"ಏನಂದ್ರು?"
"ಕಲ್ಲು ಬಣ್ಣ ತಿರುಗೇತಂತ."
ಮೂವತ್ತೆಂಟು ವರ್ಷ ನನ್ನ ಮಾತು ಕೇಳಿದವಳು,
ಮೊರ ನಿಲ್ಲಿಸಿದಳು.
"ಬಂಗಾರ ಬಂತೇನು?"
"ಇಲ್ಲ."
"ಛಲೋ ಆತು ಬಿಡು."
ಬಂಗಾರ ಬರಲಿಲ್ಲವೆಂದು ನಿಟ್ಟುಸಿರಿಟ್ಟವಳು
ಹಟ್ಟಿಯಲ್ಲಿ ಇವಳೊಬ್ಬಳೇ ಇರಬೇಕು.
ಮತ್ತೆ ಕೇರಿದಳು. ಕಾಳಿಗಿಂತ ಹೊಟ್ಟು ಹೆಚ್ಚು ಹೊತ್ತು ಹಾರಿತು.

ರಾತ್ರಿ ಮೂರು ಸಲ ಏಳುತ್ತೇನೆ.
ಅದಕ್ಕೂ ಇದಕ್ಕೂ ಸಂಬಂಧವಿಲ್ಲವಂತೆ,
ಅದು ವಯಸ್ಸಿನ ಊತವಂತೆ, ಅದರ ಗುಳಿಗೆ ಬೇರೆ.
ಬಚ್ಚಲಲ್ಲಿ ಕಾಯುತ್ತ ನಿಂತಾಗ
ಆಳದಲ್ಲೆಲ್ಲೋ ಸಿಡಿಮದ್ದು ಹೊಡೆದ ಸಣ್ಣ ನಡುಕ
ಅಂಗಾಲಿಗೆ ತಾಗುತ್ತದೆ.
ಅದು ಗಣಿಯದೇ ಎಂದು ಖಾತ್ರಿ ಮಾಡಿಕೊಂಡು
ದೀಪ ಆರಿಸುತ್ತೇನೆ.

ಆರು ತಿಂಗಳಿಗೆ ರಕ್ತ, ವರ್ಷ ತುಂಬಿದರೆ ಮತ್ತೆ ಸೂಜಿ ಇರಬಹುದು.
ಫೈಲಿನ ಮೂಲೆಗೆ
ಉಳಿದಿದ್ದ ಹಳದಿ ಬಣ್ಣದಲ್ಲೇ ಬರೆದೆ:
ಬೋರು ಒಂದು. ಕೋರು ಹನ್ನೆರಡು.

ಒಂದು ಕೇಳುವುದು ಬಾಕಿ ಇತ್ತು, ಬಾಗಿಲ ತನಕ ಹೋಗಿ ಕೇಳಿದ್ದೆ.
ನಮ್ಮಲ್ಲಿ ಕೋಲನ್ನು ಉದ್ದಕ್ಕೆ ಸೀಳಿ
ಅರ್ಧ ಪರೀಕ್ಷೆಗೆ ಕಳಿಸುತ್ತೇವೆ,
ಅರ್ಧ ಶೆಡ್ಡಿನಲ್ಲೇ ಇರುತ್ತದೆ, ನಾಳೆ ಅನುಮಾನ ಬಂದರೆ ಬೇಕೆಂದು.
ನಿಮ್ಮಲ್ಲಿ ಹೇಗೆ?
"ಉಳಿದದ್ದು ಮೇಣದಾಗ ಇರ್ತೈತ್ರಿ. ನಂಬರ್ ಹಾಕಿ, ಕಪಾಟಿನಾಗ."

ಹಾಗಾದರೆ ಅಲ್ಲೂ ಒಬ್ಬನಿದ್ದಾನೆ,
ಧೂಳು ಒರೆಸುವವನು, ಸಾಲು ತಪ್ಪದ ಹಾಗೆ ಇಡುವವನು.
ಅವನ ಅಕ್ಷರವಾದರೂ ದುಂಡಗಿರಲಿ.